ನಾಟ್ ರೆಡಿ

ಎಂಜಿನ್ನಿನ ಹಳದಿ ದೀಪ ಹತ್ತಿದ್ದು ಹುಣ್ಣಿಮೆ ಮರುದಿನ.
ಸೋಮವಾರ ಎಫ್‌ಸಿ. ನಾನು ಶ್ಯಾಣ್ಯಾ,
ಹತ್ತರ ಪಾನಾ ತಗೊಂಡು ಬ್ಯಾಟರಿ ತಂತಿ ಬಿಚ್ಚಿ
ಒಂದು ಚಾ ಕುಡಿಯೂದರೊಳಗ ದೀಪ ಆರಿಸಿಬಿಟ್ಟೆ.
ಅದರ ಬೆನ್ನಿಗೇ
ಧಾರವಾಡ ಆಕಾಶವಾಣಿ ಬರೇ ಬುಸುಗುಟ್ಟಿತು,
ಗಡಿಯಾರ ಹನ್ನೆರಡು ತೋರಿಸಿ
ಮಿಣಕ್ ಮಿಣಕ್ ಅಂತ ಅಲ್ಲೇ ನಿಂತಿತು.

ಮುಳಗುಂದ ನಾಕಾದ ದಾವಲಸಾಬ ಸ್ಟೇರಿಂಗಿನ ಕೆಳಗ ಕೈ ಹಾಕಿ
ಸ್ಕ್ಯಾನರ್ ಚುಚ್ಚಿದ, ಹಕೀಮ ನಾಡಿ ಹಿಡಿದಂಗ.
ಪರದೆ ಮ್ಯಾಲೆ ಐದು ಸಾಲು, ಐದಕ್ಕೂ ಒಂದೇ ಮಾತು:
ನಾಟ್ ರೆಡಿ.

"ತಪ್ಪು ಒರಸಿದಿ ತೋಟಪ್ಪಾ," ಅಂದ,
"ಜೋಡಿಗೆ ಪುಣ್ಯಾನೂ ಒರಸಿದಿ.
ಈಗ ಈ ಗಾಡಿಗೆ ತಾನು ಯಾರಂತ ಗೊತ್ತಿಲ್ಲ.
ದೀಪ ಇಲ್ಲಂದ್ರ ಬ್ಯಾನಿ ಇಲ್ಲಂತಲ್ಲ,
ಇನ್ನಾ ಯಾರೂ ನೋಡಿಲ್ಲಂತ, ಅಷ್ಟ."

ಟಾಕಿ ಮುಚ್ಚಳದ ರಬ್ಬರ್ ಉಂಗುರ ಸೀಳಿತ್ತು.
ಬ್ಯಾನಿ ಅಷ್ಟ. ಎಪ್ಪತ್ತು ರೂಪಾಯಿ.
ಪಥ್ಯ ಮಾತ್ರ ಉದ್ದ:
ರಾತ್ರಿ ಎಂಟು ತಾಸು ಮುಟ್ಟಬ್ಯಾಡ, ಪೂರಾ ತಣ್ಣಗಾಗಲಿ.
ಟಾಕಿ ತುಂಬಿರಬಾರದು, ಹಸದಿರಬಾರದು, ಅರ್ಧ ಹೊಟ್ಟಿ ಇರಲಿ.
ನಸುಕಿನ್ಯಾಗ ಚಾಲೂ ಮಾಡಿ ಮೂರು ನಿಮಿಷ ಸುಮ್ಮನ ಕುಂದರು.
ಆಮ್ಯಾಲೆ ಎಂಬತ್ತರೊಳಗ ಹದಿನೈದು ನಿಮಿಷ,
ಏರಂಗಿಲ್ಲ, ಇಳಿಯಂಗಿಲ್ಲ.
ಆಮ್ಯಾಲೆ ಕಾಲು ತಗಿ. ಬ್ರೇಕ್ ಮುಟ್ಟಬ್ಯಾಡ.
ತಾನ ಇಳೀಲಿ, ನಲವತ್ತರ ತನಕ.

"ಬ್ರೇಕ್ ಮುಟ್ಟದನ? ಅಣ್ಣಿಗೇರಿ ರಸ್ತೆದಾಗ?"
"ಅದಕ್ಕ ನಸುಕು ಅಂದೆ."

ಶನಿವಾರ ಐದಕ್ಕ. ಪಕ್ಕದಾಗ ಅವನ ಮಗಳು ತಬಸ್ಸುಮ್,
ಐಟಿಐ ಎರಡನೇ ವರ್ಷ, ತೊಡಿ ಮ್ಯಾಲೆ ಸ್ಕ್ಯಾನರ್.
ಮೂರು ನಿಮಿಷ ಸುಮ್ಮನ ಕುಂತಿವಿ.
ಇಪ್ಪತ್ತಾರು ವರ್ಷ ಗಾಡಿ ಹೊಡದೇನಿ,
ನಿಂತ ಗಾಡಿಯ ಮಾತು ಕೇಳಿದ್ದು ಅವತ್ತ.
ಬಾಡಿಗಿ ಮಂದಿ ಯಾವತ್ತೂ ನಡಿ ನಡಿ ಅನ್ನಾವ್ರ.

ಬಿಂಕದಕಟ್ಟಿ ಹೋತು, ಹುಲಕೋಟಿ ಹೋತು.
ಎರಡೂ ಕಡೆ ಎರಿ ಹೊಲ, ಇಬ್ಬನಿ ಕುಡದ ಕಡ್ಲಿ,
ಅದರ ಹುಳಿ ವಾಸನಿ ಕಿಡಕಿಯೊಳಗಿಂದ ಬಂದು ಕುಂತಿತು.
ಎಂಬತ್ತು. ಎಂಬತ್ತು. ಮುಳ್ಳು ಅಲ್ಲಾಡಲಿಲ್ಲ.
"ಹೀಟರ್ ರೆಡಿ," ಅಂದ್ಲು ತಬಸ್ಸುಮ್,
ರಿಸಲ್ಟ್ ಓದೋ ಮಾಸ್ತರನ ಧಾಟಿಯೊಳಗ,
"ಆಕ್ಸಿಜನ್ ಸೆನ್ಸರ್ ರೆಡಿ. ಕಾಲು ತಗೀರಿ ಕಾಕಾ."
ತಗದೆ. ಎಪ್ಪತ್ತು. ಅರವತ್ತು. ಬರೇ ಗಾಳಿ ಸಪ್ಪಳ.
ಐವತ್ತೆರಡರೊಳಗ
ಕುರಿ.
ರಸ್ತೆ ತುಂಬ ಕುರಿ, ಉಣ್ಣಿ ತುಂಬ ಮಂಜು,
ಕಂಬಳಿಯವ ಕೋಲು ಎತ್ತಿದ,
ನನ್ನ ಕಾಲು ನನ್ನ ಕೇಳದನ ಬ್ರೇಕ್ ತುಳೀತು.
"ಹೋತ್ರಿ. ಮತ್ತ ಮೊದಲಿಂದ."

ರವಿವಾರ ಕುರಿ ಬರಲಿಲ್ಲ. ನಾಕು ಸಾಲು ಹಸರಾದವು.
ಐದನೇದು ಆಗಲಿಲ್ಲ.
ಟಾಕಿಯ ಉಸಿರು ಹೊರಗ ಸೋರತೈತೋ ಇಲ್ಲೋ
ನೋಡೂದು ಅದರ ಕೆಲಸ. ಅದಕ್ಕ ಸೋಮವಾರ ಗೊತ್ತಿಲ್ಲ.

ಸೋಮವಾರ ಸಾಹೇಬರು ಹಾರ್ನ್ ಒತ್ತಿದರು,
ವೈಪರ್ ಆಡಿಸಿದರು, ಹಿಂದಿನ ಕೆಂಪು ಪಟ್ಟಿ ಉಗುರಿಂದ ಕೆರದರು.
ಕೀಲಿ ತಿರುವಿದರು: ದೀಪ ಹತ್ತಿತು, ಆರಿತು.
ಪಾಸ್.
ಐದನೇ ಸಾಲಿನ ಬಗ್ಗೆ ಅವರು ಕೇಳಲಿಲ್ಲ.
ನಾನ ಬಾಯಿ ಬಿಡಬೇಕಿತ್ತೇನು?
ಬಿಡಲಿಲ್ಲ.

ಆದರೂ ಸ್ಕ್ಯಾನರ್ ಸಾಲಾ ಇಸಗೊಂಡು ಹೋಗಿದ್ದೆ
ಬುಧವಾರ, ಒಬ್ಬ ಬಾಣಂತೀನ ಅಣ್ಣಿಗೇರಿಗೆ ಬಿಡಾಕ.
ಬರೂವಾಗ ಖಾಲಿ ಗಾಡಿ, ಸಂಜಿ ಬಿಸಲು ಬೆನ್ನಿಗೆ,
ಯಾರೂ ಅವಸರ ಮಾಡಾವ್ರಿಲ್ಲ.
ಹುಲಕೋಟಿ ಇನ್ನಾ ಮೂರು ಮೈಲು ಇರೂವಾಗ
ಪಕ್ಕದ ಸೀಟಿನ್ಯಾಗ ಅದು ತಂತಾನ ಹಸರಾತು.

ಯಾರಿಗಿ ತೋರಸ್ಲಿ? ಕಾಗದ ಆಗಲೇ ಟ್ರಂಕಿನಾಗೈತಿ.
ಬೇವಿನ ಗಿಡದ ಬುಡಕ ನಿಲ್ಲಿಸಿ ಫೋನ್ ಹಚ್ಚಿದೆ:
"ಐದನೇದೂ ಪಾಸಾತವಾ ತಬಸ್ಸುಮ್."
"ಹೂಂ ಕಾಕಾ," ಅಂದ್ಲು, "ಮುಚ್ಚಳ ಗಟ್ಟಿ ಹಾಕೀರಿಲ್ಲೋ?"

ಗಡಿಯಾರ ಇನ್ನಾ ಹನ್ನೆರಡರಾಗ ಮಿಣಕತಿತ್ತು.
ಎಷ್ಟು ಓಡಿಸಿದ್ರೂ ಅದು ತಾನ ಕಲಿಯೂದಿಲ್ಲ.
ಗುಂಡಿ ಒತ್ತಿ ಹಿಡದೆ,
ಆರೂ ಹತ್ತು ಬರೂ ತನಕ.